ಮೊದಲ ಸಂಬಳಕ್ಕೂ ಮುಂಚೆ ಹಾಕಿದ ತೆರಿಗೆ ಲೆಕ್ಕ

2024ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ವಾರವೇ ಎಚ್‌ಆರ್ ಕಡೆಯಿಂದ ಮೇಲ್ ಬಂತು. ಹಳೇ ತೆರಿಗೆ ಪದ್ಧತಿಯೋ ಹೊಸದೋ, ಶುಕ್ರವಾರದೊಳಗೆ ಪೋರ್ಟಲ್‌ನಲ್ಲಿ ತಿಳಿಸಿ, ಏನೂ ಹೇಳದಿದ್ದರೆ ಹೊಸದರ ಪ್ರಕಾರವೇ ಟಿಡಿಎಸ್ (ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಲೆಕ್ಕ ಹಾಕುತ್ತೇವೆ ಅಂತ.

ಊರಲ್ಲಿ ನಮ್ಮ ಸೋದರಮಾವ ವಿಮಾ ಏಜೆಂಟ್. "ಹಳೇದೇ ಹಾಕೋ. 80ಸಿಲಿ ಒಂದೂವರೆ ಲಕ್ಷದವರೆಗೆ ತೋರಿಸಬಹುದು, ಒಂದು ಪಾಲಿಸಿ ಮಾಡಿಸಿಬಿಡೋಣ, ಇಲ್ಲಾಂದ್ರೆ ಸುಮ್ನೆ ಸಂಬಳದಲ್ಲಿ ಕಟ್ ಆಗುತ್ತೆ" ಅಂದರು. 80ಸಿ ಅಂದರೆ ವಿಮೆ ಕಂತಿನಂಥ ಉಳಿತಾಯವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಲು ಬಿಡುವ ಸೆಕ್ಷನ್, ಅದು ಸಿಗುವುದು ಹಳೇ ಪದ್ಧತಿಯಲ್ಲಿ ಮಾತ್ರ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ವರ್ಷಗಟ್ಟಲೆ ಕಂತು ಕಟ್ಟುವ ಪಾಲಿಸಿಗೆ ಸಹಿ ಹಾಕುವ ಮೊದಲು, ನನಗೆ ತೆರಿಗೆ ಬೀಳುತ್ತದಾ ಅನ್ನೋದು ಗೊತ್ತಾಗಬೇಕಲ್ವಾ?

ರಾತ್ರಿ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 70,000, ಅಂದರೆ ವರ್ಷಕ್ಕೆ 8.4 ಲಕ್ಷ. ಆದರೆ ಹಣಕಾಸು ವರ್ಷ ಮಾರ್ಚ್‌ಗೇ ಮುಗಿಯುತ್ತದೆ, ಅಷ್ಟರೊಳಗೆ ನನಗೆ ಸಿಗುವುದು ಎಂಟು ತಿಂಗಳ ಸಂಬಳ, 5.6 ಲಕ್ಷ. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ, 75,000 ಕಳೆದರೆ (ಆ ಜುಲೈನ ಬಜೆಟ್‌ನಲ್ಲಷ್ಟೇ 50,000ದಿಂದ ಏರಿಸಿದ್ದರು) 4.85 ಲಕ್ಷ. ಹೊಸ ಪದ್ಧತಿಯಲ್ಲಿ ಆಗ 7 ಲಕ್ಷದವರೆಗೆ 87ಎ ಸೆಕ್ಷನ್ನಿನ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಬಂದ ಇಂಟರ್ನ್‌ಶಿಪ್ ಸ್ಟೈಪೆಂಡ್ 60,000 ಸೇರಿಸಿದರೂ 7 ಲಕ್ಷದ ಹತ್ತಿರಕ್ಕೂ ಬರಲಿಲ್ಲ. ಆ ಸ್ಟೈಪೆಂಡ್‌ನಲ್ಲಿ ಮುರಿದುಕೊಂಡಿದ್ದ 10% ಟಿಡಿಎಸ್ ಕೂಡ ರಿಟರ್ನ್ ಫೈಲ್ ಮಾಡಿದರೆ ವಾಪಸ್ ಬರುವ ದುಡ್ಡೇ.

ಇಲ್ಲದ ತೆರಿಗೆಯನ್ನು ಉಳಿಸೋದಕ್ಕೆ ಪಾಲಿಸಿ ಯಾಕೆ? ಕಾಲೇಜು ಮುಗಿಸಿ ಬಂದ ಎಷ್ಟೋ ಹುಡುಗರು ಈ ಒಂದು ಲೆಕ್ಕ ಹಾಕದೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ನನಗೆ ನಿಜವಾಗಲೂ ಬೇಜಾರಾಗುವುದು ಇದಕ್ಕೇ. ವಿಮೆ ಬೇಕಿದ್ದರೆ ವಿಮೆಗಾಗಿ ತಗೊಳ್ಳಲಿ.

ಮರುದಿನ ಪೇರೋಲ್ ಮೇಡಂ ಹತ್ತಿರ ಹೋಗಿ ಕೇಳಿದೆ. ಈಗ ಆರಿಸುವುದು ಟಿಡಿಎಸ್ ಲೆಕ್ಕಕ್ಕೆ ಮಾತ್ರ, ವ್ಯಾಪಾರದ ಆದಾಯ ಇಲ್ಲದವರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಬದಲಾಯಿಸಬಹುದು ಅಂದರು. ಇದನ್ನು ಮೇಲ್‌ನಲ್ಲೇ ಒಂದು ಸಾಲು ಬರೆದಿದ್ದರೆ ಅರ್ಧ ಜನರ ಗಾಬರಿ ಇಳಿಯುತ್ತಿತ್ತು.

ಹೊಸದನ್ನೇ ಆರಿಸಿ, ಲೆಕ್ಕದ ಫೋಟೋ ಮಾವನಿಗೆ ವಾಟ್ಸ್ಯಾಪ್ ಮಾಡಿದೆ. "ಸರಿ ಬಿಡು, ಮುಂದಿನ ವರ್ಷ ಪೂರ್ತಿ ಸಂಬಳ ಬರುತ್ತಲ್ಲ, ಆಗ ನೋಡೋಣ" ಅಂದರು. ಆ ಮುಂದಿನ ವರ್ಷ, 2025–26ಕ್ಕೆ, ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ತೆರಿಗೆ ಇಲ್ಲದ ಮಿತಿಯೇ 12.75 ಲಕ್ಷಕ್ಕೆ ಏರಿತು.