ಹೆಸರಿನಲ್ಲಿ ನಮ್ಮ ಜನ ಇದ್ದರೆ ತಪ್ಪೇನು?

ಸಣ್ಣ ಸಮುದಾಯ ತನ್ನ ಹೆಸರಿನಲ್ಲೇ ಪಕ್ಷ ಕಟ್ಟಿದರೆ ಅದು ಕೋಮುವಾದ. ದೊಡ್ಡ ಸಮುದಾಯದವರು ‘ಪ್ರಜಾ’, ‘ನಾಗರಿಕ’ ಅಂತ ಬೋರ್ಡು ಹಾಕಿಕೊಂಡರೆ ಅದು ಎಲ್ಲರ ಪಕ್ಷ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಬರೆಯಲೇಬೇಕು ಅನ್ನಿಸಿದೆ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಸಂಘಗಳ ಲೆಟರ್‌ಹೆಡ್ಡು, ಚುನಾವಣೆ ಬಂದರೆ ಕರಪತ್ರ. ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ, ದಿನವಿಡೀ ಟೈಪ್ ಮಾಡುವುದೂ ಕನ್ನಡವೇ. ನಗರಸಭೆ ಚುನಾವಣೆಗೆ ಮುಂಚೆ ಚಾಂಪಿಯನ್ ರೀಫ್ಸ್ ಲೈನ್ ಮನೆಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಕೆಲವು ಹುಡುಗರು ಬಂದಿದ್ದರು. ವೇದಿಕೆ ಕಟ್ಟುತ್ತೇವೆ, ಲೆಟರ್‌ಹೆಡ್ ಬೇಕು ಅಂದರು. ಹೆಸರಿನಲ್ಲಿ ‘ತಮಿಳು’ ಇರಲಿ ಅಂತ ಒಬ್ಬನ ಹಟ. ಜೊತೆಗಿದ್ದ ಹಿರಿಯರು, “ಬೇಡಪ್ಪಾ, ಆಮೇಲೆ ಹೊರಗಿನೋರು ಒಂಥರಾ ನೋಡ್ತಾರೆ. ನಾಗರಿಕ ವೇದಿಕೆ ಅಂತ ಹಾಕಿಬಿಡಮ್ಮಾ” ಅಂದರು. ಹುಡುಗ “ಅಕ್ಕಾ, ಒಂದ್ಸಲ ನಮ್ಮದನ್ನೂ ಹಾಕಿ ತೋರ್ಸಿ” ಅಂದ. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವನೇ “ತೆಗೀರಿ” ಅಂದ. ವಿಧಾನಸಭೆ, ಲೋಕಸಭೆ ಚುನಾವಣೆಯ ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಕೆಳಗೆ ಯಾರೆಂದು ಹೇಳಲೇಬೇಕು, ಮೇಲೆ ಹೇಳಿದರೆ ಮುಜುಗರ. ನನಗೆ ಅವತ್ತು ತುಂಬ ಬೇಜಾರಾಯಿತು.

ಈ ಊರನ್ನು ಕಟ್ಟಿದವರು ಯಾರು? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯ ತಮಿಳು ದಲಿತರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಕಮ್ಯುನಿಸ್ಟರನ್ನು ಗೆಲ್ಲಿಸಿದ್ದಾರೆ, ಅಣ್ಣಾ ಡಿಎಂಕೆಯನ್ನು ಕರ್ನಾಟಕ ವಿಧಾನಸಭೆಗೆ ಕಳಿಸಿದ್ದಾರೆ. 2004ರಲ್ಲೂ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಗೆದ್ದರು. ಆ ಪಕ್ಷದ ಹೆಸರಿನಲ್ಲಿ ಜಾತಿಯೂ ಇಲ್ಲ, ಭಾಷೆಯೂ ಇಲ್ಲ. ಆದರೂ ಲೈನಿನ ಪ್ರತಿ ಮನೆಗೂ ಅದು ಯಾರ ಪಕ್ಷ ಅಂತ ಗೊತ್ತಿತ್ತು.

ಹೆಸರಿನ ಈ ಕಷ್ಟವನ್ನು ಅಂಬೇಡ್ಕರ್ ಅವರಷ್ಟು ಉಂಡವರಿಲ್ಲ. 1936ರಲ್ಲಿ ಅವರು ಕಟ್ಟಿದ್ದು ಸ್ವತಂತ್ರ ಕಾರ್ಮಿಕ ಪಕ್ಷ. ಎಲ್ಲ ಜಾತಿಯ ದುಡಿಯುವವರೂ ಬರಲಿ ಎಂಬ ಆಸೆ. 1942ರಲ್ಲಿ ಬ್ರಿಟಿಷ್ ಸರ್ಕಾರದ ದೂತ ಕ್ರಿಪ್ಸ್ ಬಂದಾಗ ಅಧಿಕಾರದ ಮಾತುಕತೆ ನಡೆದದ್ದು ಸಮುದಾಯಗಳ ಲೆಕ್ಕದಲ್ಲಿ. ಅದೇ ವರ್ಷ ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿತು, ಹೆಸರಲ್ಲೇ ತಾವು ಯಾರೆಂದು ಸಾರಿಕೊಂಡು. ಬದುಕಿನ ಕೊನೆಯಲ್ಲಿ ಮತ್ತೆ ಎಲ್ಲರನ್ನೂ ಕರೆಯುವ ಹೆಸರು ಬೇಕೆನ್ನಿಸಿ ರಿಪಬ್ಲಿಕನ್ ಪಕ್ಷದ ಯೋಚನೆ ಮಾಡಿದರು. ಅದು ಸ್ಥಾಪನೆಯಾದದ್ದು ಅವರು ತೀರಿಕೊಂಡ ಮೇಲೆ, 1957ರಲ್ಲಿ. ಹೆಸರನ್ನು ಆಯಾ ಹೊತ್ತಿನ ಅಗತ್ಯ ನೋಡಿ ಅವರೇ ಆರಿಸಿಕೊಂಡರು. ನಾನು ಕೇಳುತ್ತಿರುವುದೂ ಅಷ್ಟೇ.

1982ರಲ್ಲಿ ಎನ್‌ಟಿಆರ್ ತೆಲುಗು ದೇಶಂ ಅಂದಾಗ ಅದು ಆತ್ಮಗೌರವದ ಮಾತಾಯಿತು, ನನಗೂ ಸಂತೋಷವೇ. ಭಾಷೆ ಬಹುಸಂಖ್ಯಾತರದ್ದಾಗಿರುವ ನಾಡಿನಲ್ಲಿ ಗೌರವವಾಗುವ ಹೆಸರು, ಅದೇ ಭಾಷೆಯವರು ಕಡಿಮೆ ಇರುವ ಊರಿನಲ್ಲಿ ಅನುಮಾನಕ್ಕೆ ಕಾರಣವಾಗುತ್ತದೆ. ನಮ್ಮ ಕಾನೂನು ಭಾಷೆ ಸೂಚಿಸುವ ಇಂಥ ಹೆಸರನ್ನು ತಡೆಯುವುದಿಲ್ಲ. ಧರ್ಮ ಸೂಚಿಸುವ ಹೆಸರಿನ ಹೊಸ ಪಕ್ಷಗಳನ್ನು ನೋಂದಾಯಿಸುವುದಿಲ್ಲ ಎಂದು ಚುನಾವಣಾ ಆಯೋಗ 2005ರಲ್ಲಿ ನಿರ್ಧರಿಸಿತು. 1948ರ ಮುಸ್ಲಿಂ ಲೀಗ್‌ನಂಥ ಹಳೆಯವು ಹಾಗೇ ಉಳಿದಿವೆ. ಧರ್ಮ, ಜಾತಿ, ಭಾಷೆ ಹೇಳಿ ಮತ ಕೇಳುವುದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 123(3) ಕಲಂನ ತಡೆ ಹೇಗೂ ಇದೆ. ನಡತೆಗೆ ಕಾನೂನಿರಲಿ, ಹೆಸರಿಗೆ ಯಾಕೆ?

ಹೆಸರನ್ನೇ ನಿಷೇಧಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬಲ್ಗೇರಿಯಾ ನೋಡಿ. ಅದನ್ನು ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1984–85ರ ಚಳಿಗಾಲದಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಅಲ್ಪಸಂಖ್ಯಾತ ಟರ್ಕಿಷ್ ಜನರ ಸ್ವಂತ ಹೆಸರುಗಳನ್ನೇ ಬಲವಂತವಾಗಿ ಬದಲಿಸಿತು. ಅಪ್ಪ ಅಮ್ಮ ಇಟ್ಟ ಹೆಸರು ದಾಖಲೆಯಲ್ಲಿಲ್ಲ! 1989ರಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಟರ್ಕಿಗೆ ಹೋದರು. ಆ ಆಡಳಿತ ಬಿದ್ದ ಮೇಲೆ 1990ರಲ್ಲಿ ಅಹ್ಮದ್ ದೋಗನ್ ಮುಂದಾಳತ್ವದಲ್ಲಿ ಅವರು ಕಟ್ಟಿಕೊಂಡ ಪಕ್ಷ ‘ಹಕ್ಕು ಮತ್ತು ಸ್ವಾತಂತ್ರ್ಯಗಳ ಚಳವಳಿ’. ‘ಟರ್ಕಿಷ್’ ಎಂಬ ಸುಳಿವೇ ಇಲ್ಲ. ಜನಾಂಗ, ಧರ್ಮದ ಆಧಾರದ ಪಕ್ಷ ಕೂಡದು ಎಂದು 1991ರ ಸಂವಿಧಾನದ 11ನೇ ವಿಧಿ ಹೇಳಿತು. ಪಕ್ಷವನ್ನು ರದ್ದು ಮಾಡಿ ಅಂತ ಕೆಲವರು ಕೋರ್ಟಿಗೂ ಹೋದರು. 1992ರಲ್ಲಿ ಅದು ಕೂದಲೆಳೆಯಲ್ಲಿ ಉಳಿಯಿತು. ಅತ್ತ ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದರಷ್ಟು. ಅವರ ಪಕ್ಷದ ಹೆಸರು 1906ರಿಂದಲೂ ಸ್ವೀಡಿಷ್ ಜನರ ಪಕ್ಷ. ಎಷ್ಟೋ ಸರ್ಕಾರಗಳಲ್ಲಿ ಮಂತ್ರಿಗಳಾಗಿದ್ದಾರೆ, ದೇಶ ಒಡೆದಿಲ್ಲ.

‘ತಮಿಳು’ ಅಂತ ಹಾಕಿದರೆ ಆಂಡರ್ಸನ್‌ಪೇಟೆಯ ತೆಲುಗಿನವರು, ಉರ್ದುವಿನವರು ಹತ್ತಿರ ಬರುತ್ತಾರಾ? ಹಿರಿಯರ ಆ ಆತಂಕದಲ್ಲಿ ಸತ್ಯವಿದೆ, ವೋಟು ಕಡಿಮೆಯಾಗಬಹುದು. ಆದರೆ ಆ ನಷ್ಟ ಬೇಕೋ ಬೇಡವೋ ಅಂತ ತೀರ್ಮಾನಿಸುವ ಹಕ್ಕು ಆ ಹುಡುಗರದ್ದು. ಹೆದರಿ ಬಿಟ್ಟುಕೊಡುವುದು ಬೇರೆ, ಯೋಚಿಸಿ ಬಿಡುವುದು ಬೇರೆ.

ನಮ್ಮದು ಮೀಸಲು ಕ್ಷೇತ್ರ, ಶಾಸಕರು ಪರಿಶಿಷ್ಟ ಜಾತಿಯವರೇ. ಆದರೆ ಟಿಕೆಟ್ ಕೊಡುವುದು ಬೆಂಗಳೂರು, ದೆಹಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು, ಲೈನ್ ಮನೆಯ ಹಕ್ಕುಪತ್ರಕ್ಕೆ ಅಲೆದವರು ನನ್ನ ಅಂಗಡಿಯಲ್ಲೇ ಅರ್ಜಿ ಟೈಪ್ ಮಾಡಿಸುತ್ತಾರೆ. ‘ನಾವು ಇಂಥವರು, ನಮಗೆ ಇದು ಬೇಕು’ ಅಂತ ಅರ್ಜಿಯಲ್ಲಿ ಬರೆಯುವುದನ್ನೇ ಅವರು ಪಕ್ಷದ ಬೋರ್ಡಿನಲ್ಲೂ ಬರೆದುಕೊಳ್ಳಲಿ. ಯಾರಾದರೂ ಬಂದು ಕೇಳಿದರೆ ದಪ್ಪಕ್ಷರದಲ್ಲೇ ಹಾಕಿಕೊಡುತ್ತೇನೆ, ಕೆಳಗೆ ಮುದ್ರಕರು ಅಂತ ನನ್ನ ಹೆಸರೂ ಇರುತ್ತದೆ.