ಕೀ ಜೇಬಲ್ಲೇ ಇದೆ, ಕಾರು ಮಾತ್ರ ಓಪನ್ ಆಗ್ತಿಲ್ಲ

ಚಿಕ್ಕಮಗಳೂರಿನಲ್ಲಿ ನನ್ನದು ಗಾಡಿಗಳ ವೈರಿಂಗ್ ಕೆಲಸ. ಸೆಲ್ಫ್ ಮೋಟರ್, ಆಲ್ಟರ್ನೇಟರ್, ಹೆಡ್‌ಲೈಟ್, ಹಾರ್ನ್, ಬ್ಯಾಟರಿ, ಇಷ್ಟೇ ನಮ್ಮ ಪ್ರಪಂಚ. ಮೊದಲೆಲ್ಲ ಕೀ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದು ರಸ್ತೆ ಬದಿ ಕೂತು ಅರ ಹಿಡಿದು ಉಜ್ಜುವವರ ಕೆಲಸ. ಈಗ ಬಂದಿರುವುದು ಸ್ಮಾರ್ಟ್ ಕೀ. ಜೇಬಿನಲ್ಲಿದ್ದರೆ ಸಾಕು, ತೂತಿಗೆ ಹಾಕದೆಯೇ ಬಾಗಿಲು ತೆಗೆಯುತ್ತದೆ, ಬಟನ್ ಒತ್ತಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಈಗ ಶನಿವಾರ, ಭಾನುವಾರ ಬಂದರೆ ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ: "ಸಾರ್, ಕೀ ಕೈಯಲ್ಲೇ ಇದೆ, ಕಾರು ಓಪನ್ ಆಗ್ತಿಲ್ಲ."

ಫೋನ್ ಬರುವುದು ಸೀತಾಳಯ್ಯನಗಿರಿ ಪಾರ್ಕಿಂಗ್‌ನಿಂದ, ಹಿರೇಕೊಳಲೆ ಕೆರೆ ಏರಿಯಿಂದ, ಆಲ್ದೂರು ಕಡೆಯ ಹೋಮ್‌ಸ್ಟೇಗಳಿಂದ, ತೋಟದ ಮನೆಗಳಿಂದ. ಹೆಚ್ಚಿನವು ಬೆಂಗಳೂರಿನ ಗಾಡಿಗಳು. ನಮ್ಮೂರಿನವೂ ಕಮ್ಮಿ ಇಲ್ಲ. ಈ ಫೋನ್‌ಗಳಿಂದ ನಾನು ಕಲಿತದ್ದು ಒಂದೇ. ಟೂಲ್ ಬ್ಯಾಗ್ ಹೆಗಲಿಗೆ ಹಾಕುವ ಮುಂಚೆ ಫೋನಿನಲ್ಲಿ ಮಾತಾಡಬೇಕು. ಮುಕ್ಕಾಲು ಪಾಲು ಗಾಡಿಗಳಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಒಳಗೆ ಹೋಗಲು ಇನ್ನೊಂದು ದಾರಿ ಆ ಗಾಡಿಯಲ್ಲೇ ಇರುತ್ತದೆ, ಯಜಮಾನರಿಗೆ ಅದನ್ನು ಯಾರೂ ತೋರಿಸಿರುವುದಿಲ್ಲ.

ಮೊದಲ ಪ್ರಶ್ನೆ: "ಕೀ ಮೇಲಿನ ಬಟನ್ ಒತ್ತಿದರೆ ಅದರಲ್ಲಿ ಚಿಕ್ಕ ಲೈಟ್ ಬರುತ್ತಾ?" ಎರಡನೆಯದು: "ಗ್ಲಾಸಿನಿಂದ ಒಳಗೆ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಮಿನುಗುತ್ತಾ ಇದೆಯಾ?" ಇವೆರಡನ್ನು ಕೇಳುವುದಕ್ಕೆ ಕಾರಣ ಇದೆ. ಜನ "ಬ್ಯಾಟರಿ ಹೋಗಿದೆ" ಅನ್ನುತ್ತಾರೆ. ಆದರೆ ಇಲ್ಲಿ ಬ್ಯಾಟರಿ ಎರಡು. ಒಂದು ಕೀ ಒಳಗಿನ ಬಟನ್ ಸೆಲ್, 3 ವೋಲ್ಟಿನದು. ಇನ್ನೊಂದು ಬಾನೆಟ್ ಒಳಗಿನ 12 ವೋಲ್ಟಿನ ಬ್ಯಾಟರಿ. ಯಾವುದು ಹೋದರೂ ಬಾಗಿಲು ತೆಗೆಯುವುದಿಲ್ಲ. ಆದರೆ ಔಷಧಿ ಬೇರೆ ಬೇರೆ.

ಈ ಸ್ಮಾರ್ಟ್ ಕೀ ಕೆಲಸ ಮಾಡುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಹಿಡಿಕೆ ಮುಟ್ಟಿದ ತಕ್ಷಣ ಅಥವಾ ಅದರ ಮೇಲಿನ ಬಟನ್ ಒತ್ತಿದ ತಕ್ಷಣ ಕಾರು ಒಂದು ಸಣ್ಣ ಸಿಗ್ನಲ್ ಬಿಡುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಜ್. ಇದು ಒಂದೆರಡು ಮೀಟರ್‌ಗಿಂತ ದೂರ ಹೋಗುವುದಿಲ್ಲ. ಜೇಬಿನಲ್ಲಿರುವ ಕೀ ಅದನ್ನು ಕೇಳಿಸಿಕೊಂಡು ತನ್ನ ಗುಟ್ಟಿನ ಕೋಡನ್ನು ಇನ್ನೊಂದು ಸಿಗ್ನಲ್‌ನಲ್ಲಿ ವಾಪಸ್ ಕಳಿಸುತ್ತದೆ. ನಾವು ನೋಡುವ ಬಹಳಷ್ಟು ಗಾಡಿಗಳಲ್ಲಿ ಅದು 433 ಮೆಗಾಹರ್ಟ್ಜ್. ಕೋಡ್ ಸರಿ ಇದ್ದರೆ ಲಾಕ್ ಬಿಡುತ್ತದೆ. ಅಂದರೆ ಕೇಳುವುದಕ್ಕೆ ಕಾರಿನ ಬ್ಯಾಟರಿ ಬೇಕು, ಉತ್ತರ ಕೊಡುವುದಕ್ಕೆ ಕೀಯ ಸೆಲ್ ಬೇಕು. ಸೆಲ್ ವೀಕ್ ಆಗಿದ್ದರೆ ಮಧ್ಯಾಹ್ನ ಬಿಸಿಲಲ್ಲಿ ಹೇಗೋ ನಡೆಸಿಬಿಡುತ್ತದೆ, ಬೆಳಗಿನ ಚಳಿಯಲ್ಲಿ ಕೈ ಕೊಡುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಸೂರ್ಯೋದಯ ನೋಡಲು ಹೋದವರಿಂದಲೇ ಫೋನ್ ಬರುವುದು ಸುಮ್ನೆ ಅಲ್ಲ.

ಕೀಯಲ್ಲಿ ಲೈಟ್ ಬರುತ್ತಿಲ್ಲ, ಕಾರಿನಲ್ಲಿ ಮಿನುಗುತ್ತಿದೆ ಅಂದರೆ ನಾನು ಹೊರಡುವುದೇ ಇಲ್ಲ. ಫೋನಿನಲ್ಲೇ ಹೇಳುತ್ತೇನೆ.

"ಸಾರ್, ಕೀ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ ನೋಡಿ. ಅದನ್ನು ಒತ್ತಿ ಹಿಡಿದು ಮೇಲಿನ ರಿಂಗ್ ಎಳೀರಿ."

"ಏನೋ ಈಚೆ ಬಂತು... ಅರೆ, ಇದರೊಳಗೆ ಕೀ ಇದೆ!"

ಈ "ಅರೆ" ಕೇಳುವುದು ನನಗೆ ಇವತ್ತಿಗೂ ಖುಷಿ. ಎಷ್ಟೋ ಲಕ್ಷ ಕೊಟ್ಟು ತಗೊಂಡ ಗಾಡಿ, ವರ್ಷಗಟ್ಟಲೆ ಜೇಬಿನಲ್ಲಿ ಓಡಾಡಿದ ಕೀ. ಅದರೊಳಗೆ ಮಾಮೂಲಿ ಕೀ ಒಂದು ಕೂತಿದೆ ಅಂತ ಅವತ್ತೇ ಗೊತ್ತಾಗುವುದು.

ಮುಂದಿನ ತೊಂದರೆ, ಅದನ್ನು ಎಲ್ಲಿ ಹಾಕಬೇಕು ಅನ್ನುವುದು. ಕೆಲವು ಗಾಡಿಗಳಲ್ಲಿ ಡ್ರೈವರ್ ಬಾಗಿಲಿನ ಹಿಡಿಕೆಯಲ್ಲಿ ಕೀ ತೂತು ಕಾಣುವ ಹಾಗೇ ಇರುತ್ತದೆ. ಕೆಲವದರಲ್ಲಿ ಅಂದಕ್ಕೆ ಅಂತ ಮುಚ್ಚಳ ಹಾಕಿರುತ್ತಾರೆ. ಹಿಡಿಕೆ ಎಳೆದು ಹಿಡಿದು, ಮುಚ್ಚಳದ ಕೆಳಗಿನ ಸಂದಿಗೆ ಅದೇ ಕೀಯ ತುದಿ ಕೊಟ್ಟು ಮೆಲ್ಲಗೆ ಎತ್ತಬೇಕು. ಸ್ಕ್ರೂ ಡ್ರೈವರ್ ಹಾಕಿ ಕೆರೆದು ಪೇಂಟ್ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ.

ಬಾಗಿಲು ತೆಗೆದ ಕೂಡಲೇ ಅಲಾರಾಂ ಕಿರುಚಲು ಶುರು ಮಾಡಬಹುದು. ಇಲ್ಲೇ ಜನ ಗಾಬರಿಯಾಗುವುದು. ಸುತ್ತ ಇರುವವರೆಲ್ಲ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ, ಹೆಂಡತಿ ಬೇರೆ "ಮುಚ್ರೀ ಅದನ್ನ" ಅನ್ನುತ್ತಾರೆ. ಅದಕ್ಕೆ ಬಾಗಿಲು ತೆಗೆಸುವ ಮೊದಲೇ ಹೇಳಿಬಿಡುತ್ತೇನೆ: "ಹಾರ್ನ್ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಒಳಗೆ ಕೂತು ಬ್ರೇಕ್ ತುಳೀರಿ. ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ." ಗೇರಿನ ಗಾಡಿಯಾದರೆ ಕ್ಲಚ್. ಕೀಯೊಳಗೆ ಸೆಲ್ ಇಲ್ಲದೆಯೂ ಕೆಲಸ ಮಾಡುವ ಒಂದು ಚಿಪ್ ಇರುತ್ತದೆ. ತೀರಾ ಹತ್ತಿರ ಹಿಡಿದರೆ ಕಾರಿನ ಕಾಯಿಲ್‌ನಿಂದಲೇ ಅದಕ್ಕೆ ಕರೆಂಟ್ ಸಿಗುತ್ತದೆ. ಕೆಲವು ಕಂಪನಿಯವರು ಆ ಜಾಗವನ್ನು ಕಪ್ ಹೋಲ್ಡರ್‌ನಲ್ಲಿ ಇಟ್ಟಿರುತ್ತಾರೆ, ಕೆಲವರು ಸ್ಟೀರಿಂಗ್ ಪಕ್ಕ. ಗಾಡಿ ಸ್ಟಾರ್ಟ್ ಆದರೆ ಅಲಾರಾಂ ತಾನೇ ನಿಲ್ಲುತ್ತದೆ.

ಆಮೇಲೆ ಸೆಲ್ ಹಾಕಿಸಬೇಕು. ಹೆಚ್ಚಿನವಕ್ಕೆ ಸಿಆರ್2032, ನೂರು ರೂಪಾಯಿ ಒಳಗೇ ಸಿಗುತ್ತದೆ. ಆ ನಂಬರಿನಲ್ಲೇ ಅಳತೆ ಇದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯವರು "ಇದೂ ಅದೇ ಸಾರ್" ಅಂತ 2025 ಕೊಟ್ಟರೆ ತಗೋಬೇಡಿ. ಅದು 2.5 ಮಿಲಿಮೀಟರ್ ಮಾತ್ರ. ಮನೆ ಹತ್ತಿರ ಕೆಲಸ ಮಾಡುತ್ತದೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಅಲ್ಲಾಡಿ ಕಾಂಟ್ಯಾಕ್ಟ್ ಬಿಟ್ಟುಹೋಗುತ್ತದೆ. ಹಳೇ ಸೆಲ್ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ, ಆಸ್ಪತ್ರೆಗೆ ಓಡಬೇಕಾಗುತ್ತದೆ.

ನಮ್ಮ ಕಡೆ ಇನ್ನೊಂದು ಕಾಯಿಲೆ ಮಳೆ. ಆಷಾಢದಲ್ಲಿ ಜರ್ಕಿನ್ ಜೇಬಿನಲ್ಲೇ ಕೀ ನೆನೆಯುತ್ತದೆ. ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ತರುವವರಿದ್ದಾರೆ, ಬಿಚ್ಚಿದರೆ ಅಕ್ಕಿ ಹಿಟ್ಟೂ ಒಳಗೇ. ಕೀ ನೆನೆದರೆ ಮೊದಲು ಸೆಲ್ ಈಚೆ ತೆಗೆಯಿರಿ. ಉಳಿದದ್ದು ಆಮೇಲೆ.

ಕಾರಿನ ಬ್ಯಾಟರಿಯೇ ಡೌನ್ ಆಗಿದ್ದರೆ ನಾನು ಹೋಗಲೇಬೇಕು. ಆಗಲೂ ಒಳಗಿನ ಮಾಮೂಲಿ ಕೀಯಿಂದ ಡ್ರೈವರ್ ಬಾಗಿಲು ತೆಗೆದು, ಬಾನೆಟ್ ಎತ್ತಿ ಇಟ್ಟಿರಿ ಅನ್ನುತ್ತೇನೆ. ಬಾನೆಟ್ ಎಳೆಯುವುದು ತಂತಿ, ಅದಕ್ಕೆ ಕರೆಂಟ್ ಬೇಡ. ಡಿಕ್ಕಿ ಮಾತ್ರ ಬಹಳ ಗಾಡಿಗಳಲ್ಲಿ ಕರೆಂಟ್ ಇಲ್ಲದೆ ತೆಗೆಯುವುದಿಲ್ಲ. ಜಂಪ್ ಕೇಬಲ್ಲನ್ನು ಡಿಕ್ಕಿಯಲ್ಲೇ ಇಟ್ಟವರ ಪಾಡು ನೋಡಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ಇದನ್ನು ನಂಬಿಸುವುದು ಇನ್ನೂ ಕಷ್ಟ. "ಚಾರ್ಜ್ ತೊಂಬತ್ತು ಪರ್ಸೆಂಟ್ ಇದೆ ಅಣ್ಣ, ಬ್ಯಾಟರಿ ಹೇಗೆ ಹೋಗುತ್ತೆ?" ಅನ್ನುತ್ತಾರೆ. ಓಡಿಸುವ ದೊಡ್ಡ ಬ್ಯಾಟರಿ ಬೇರೆ. ಲಾಕ್, ಲೈಟ್, ಕಂಪ್ಯೂಟರ್ ಎಲ್ಲ ನಡೆಯುವುದು ಆ ಗಾಡಿಗಳಲ್ಲೂ ಸಾಮಾನ್ಯವಾಗಿ ಪುಟ್ಟ 12 ವೋಲ್ಟ್ ಬ್ಯಾಟರಿಯಿಂದಲೇ.

ಫೋನಿನಲ್ಲೇ ಬಗೆಹರಿಸಿದರೆ ದುಡ್ಡು ಕೇಳಬೇಕಾ ಬೇಡವಾ? ನಮ್ಮ ಲೈನಿನಲ್ಲಿ ಇದರ ಬಗ್ಗೆ ಜಗಳವೇ ಇದೆ. ನನ್ನ ಗೆಳೆಯರೊಬ್ಬರು "ಗುಡ್ಡ ಹತ್ತಿ ಹೋಗಿ ನೀನೇ ತೆಗೆದುಕೊಡು, ಬಾಡಿಗೆ ಸಮೇತ ಬರುತ್ತೆ" ಅನ್ನುತ್ತಾರೆ. ನನಗೆ ಅದು ಸರಿ ಕಾಣಲ್ಲ. ಕೇಳುವುದಿಲ್ಲ. ಕೊಟ್ಟರೆ ಬೇಡ ಅನ್ನುವುದೂ ಇಲ್ಲ. ಹಾಗೆ ಮಾತಾಡಿದವರಲ್ಲಿ ಕೆಲವರು ವಾಪಸ್ ಹೋಗುವಾಗ ಅಂಗಡಿ ಹುಡುಕಿಕೊಂಡು ಬಂದು ಸೆಲ್ ಹಾಕಿಸಿಕೊಂಡು ಹೋಗುತ್ತಾರೆ, ಅಷ್ಟು ಸಾಕು.

ಕೆಟ್ಟ ಕೀಗಿಂತ ದೊಡ್ಡ ತಲೆನೋವು, ಚೆನ್ನಾಗಿರುವ ಕೀ ಊರು ಬಿಟ್ಟು ಹೋಗುವುದು. ಒಬ್ಬರು ಹೆಂಡತಿಯನ್ನು ಹಾಸನದ ರೈಲ್ವೆ ಸ್ಟೇಷನ್‌ನಲ್ಲಿ ಇಳಿಸಿ ಚಿಕ್ಕಮಗಳೂರಿಗೆ ವಾಪಸ್ ಬರುತ್ತಿದ್ದರು. ಇಂಜಿನ್ ಆಫ್ ಮಾಡಿರಲಿಲ್ಲ. ಕೀ ಇದ್ದದ್ದು ಅವರ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿ. ಬೇಲೂರಿನಲ್ಲಿ ಕಾಫಿಗೆ ಅಂತ ಗಾಡಿ ನಿಲ್ಲಿಸಿ ಆಫ್ ಮಾಡಿದರು. ಅಲ್ಲಿಗೆ ಮುಗಿಯಿತು. ರೈಲು ಅಷ್ಟರಲ್ಲಿ ಚನ್ನರಾಯಪಟ್ಟಣ ದಾಟಿತ್ತು.

"ಕೀ ಇಲ್ಲದೆ ಇಲ್ಲಿವರೆಗೂ ಹೇಗೆ ಬಂತು ಮತ್ತೆ?" ಅಂತ ಅವರು ನನ್ನ ಮೇಲೇ ರೇಗಿದರು. ನ್ಯಾಯವಾದ ಪ್ರಶ್ನೆ. ಓಡುತ್ತಿರುವ ಗಾಡಿ ಕೀ ಕಾಣಲಿಲ್ಲ ಅಂತ ನಡುರಸ್ತೆಯಲ್ಲಿ ಇಂಜಿನ್ ನಿಲ್ಲಿಸಿದರೆ ಹಿಂದಿನ ಲಾರಿ ಬಂದು ಗುದ್ದುತ್ತದೆ. ಅದಕ್ಕೇ ಅದು ಬೀಪ್ ಹೊಡೆದು, ಪರದೆ ಮೇಲೆ ಬರೆದು ತೋರಿಸಿ ಸುಮ್ಮನಾಗುತ್ತದೆ. ಸ್ಟೇಷನ್ ಎದುರು ಆಟೋ ಹಾರ್ನ್‌ಗಳ ಮಧ್ಯೆ ಆ ಬೀಪ್ ಯಾರಿಗೆ ಕೇಳುತ್ತದೆ? ನಾನು ಫೋನಿನಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಅವರ ತಮ್ಮ ಮನೆಯಲ್ಲಿದ್ದ ಎರಡನೇ ಕೀ ಹಿಡಿದು ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬಂದರು. ಆ ಎರಡನೇ ಕೀಯೂ ಜೊತೆಯಲ್ಲೇ ಬೆಂಗಳೂರಿಗೆ ಹೋಗಿದ್ದರೆ ಟ್ರಕ್ ತರಿಸಿ ಎಳೆಸಬೇಕಿತ್ತು. ಯಾರನ್ನಾದರೂ ಇಳಿಸಿದ ಮೇಲೆ ಬೀಪ್ ಬಂದರೆ, ಇಂಜಿನ್ ಆನ್ ಇರುವಾಗಲೇ ಮೊದಲು ಕೀ ಎಲ್ಲಿದೆ ನೋಡಿ. ಹೋಗಿಯೇ ಬಿಟ್ಟಿದ್ದರೆ ಆಫ್ ಮಾಡದೆ ಸೀದಾ ಮನೆಗೆ ನಡೆಯಿರಿ.

ಇನ್ನು ಫೋನೇ ಕೀ ಆಗಿರುವ ಗಾಡಿಗಳು. ಇಲ್ಲಿ "ಫೋನಿನಿಂದ ಓಪನ್ ಆಗುತ್ತೆ" ಅನ್ನುವುದರೊಳಗೆ ಎರಡು ಮೂರು ಥರ ಇದೆ. ಆ್ಯಪ್‌ನಲ್ಲಿ ಅನ್‌ಲಾಕ್ ಒತ್ತಿದರೆ ಆ ಮಾತು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಗಾಡಿಯೊಳಗಿನ ಸಿಮ್‌ಗೆ ಬರಬೇಕು. ನಿಮ್ಮ ಫೋನಿಗೂ ನೆಟ್‌ವರ್ಕ್ ಬೇಕು, ಗಾಡಿಗೂ ಬೇಕು. ಮಲೆನಾಡಿನಲ್ಲಿ ಇದು ಆಗುವ ಮಾತಾ? ತೋಟದ ಮನೆಯಲ್ಲಿ ಸಿಗ್ನಲ್ ಸಿಗುವುದೇ ಹಿತ್ತಲಿನ ಹಲಸಿನ ಮರದ ಕೆಳಗೆ, ಗಾಡಿ ನಿಂತಿರುವುದು ಕೆಳಗಿನ ಕಣದಲ್ಲಿ. ಬ್ಲೂಟೂತ್‌ನಿಂದ ತೆಗೆಯುವುದಾದರೆ ನೆಟ್‌ವರ್ಕ್ ಬೇಡ, ಆದರೆ ಫೋನಿನಲ್ಲಿ ಚಾರ್ಜ್ ಇರಬೇಕು. ಹಿಡಿಕೆಗೆ ಫೋನ್ ತಾಗಿಸುವ ಎನ್‌ಎಫ್‌ಸಿ ಇದ್ದರೆ ವಾಸಿ. ಕೆಲವು ಫೋನ್‌ಗಳಲ್ಲಿ ಬ್ಯಾಟರಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅದು ನಡೆಯುತ್ತದೆ. ಜೊತೆಗೆ ಕಾರ್ಡ್ ಕೊಡುವ ಗಾಡಿಗಳೂ ಇವೆ. ಆ ಕಾರ್ಡನ್ನು ಜನ ಗಾಡಿಯ ಗ್ಲೌ ಬಾಕ್ಸಿನಲ್ಲೇ ಇಡುತ್ತಾರೆ, ಏನು ಹೇಳಲಿ.

ಅಂಗಡಿಗೆ ಬರುವ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಬೇರೆ ಕಥೆ. ಯಜಮಾನರು ಗಾಡಿ ನಿಲ್ಲಿಸಿ "ಸಂಜೆ ಬರ್ತೀನಿ" ಅಂತ ಮೂಡಿಗೆರೆ ಬಸ್ ಹತ್ತುತ್ತಾರೆ. ಕೀ ಅವರ ಫೋನಿನಲ್ಲಿ. ನಾನು ಹೆಡ್‌ಲೈಟ್ ಚೆಕ್ ಮಾಡಬೇಕೆಂದರೂ ಆನ್ ಮಾಡುವ ಹಾಗಿಲ್ಲ. ಹಾಗಾಗಿ ನಮ್ಮ ಹುಡುಗನಿಗೆ ಹೇಳಿಬಿಟ್ಟಿದ್ದೇನೆ. ಪಿನ್ ಹಾಕಿ ಅವರ ಎದುರೇ ಒಂದು ಸಲ ಆನ್ ಮಾಡಿ ನೋಡಿದ ಮೇಲೇ ಚೀಟಿ ಬರೆಯಬೇಕು, ವಾಪಸ್ ಕೊಡುವಾಗ ಪಿನ್ ಬದಲಾಯಿಸಿಕೊಳ್ಳಲು ಹೇಳಬೇಕು. ಪಿನ್ ಕೊಡಲ್ಲ ಅಂದರೆ ಅದು ಅವರ ಹಕ್ಕು, ಅವರು ಇದ್ದಷ್ಟು ಹೊತ್ತಿನಲ್ಲಿ ಆಗುವ ಕೆಲಸ ಮಾಡಿ ಕಳಿಸುವುದು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೂ ಒಂದು ಮಾತು. ಹಳೇ ಯಜಮಾನರ ಅಕೌಂಟಿನಿಂದ ಗಾಡಿ ತೆಗೆಸದೆ ದುಡ್ಡು ಕೊಡಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಬಂದರೂ ಓಟಿಪಿ ಅವರ ಫೋನಿಗೇ ಹೋಗುತ್ತಿರುತ್ತದೆ. ಅವರು ಮನಸ್ಸು ಮಾಡಿದರೆ ಮನೆಯಲ್ಲೇ ಕೂತು ನಿಮ್ಮ ಗಾಡಿ ತೆಗೆಯಬಹುದು.

ಬಾಗಿಲು ತೆಗೆದುಕೊಡಿ ಅಂತ ಯಾರೇ ಕರೆದರೂ ನಾನು ದಾಖಲೆ ನೋಡದೆ ಕೈ ಹಾಕುವುದಿಲ್ಲ. ಆರ್‌ಸಿ ಕಾರಿನೊಳಗಿದೆ ಅನ್ನುತ್ತಾರೆ, ನಿಜವೇ ಇರುತ್ತದೆ. ಡಿಜಿಲಾಕರ್‌ನಲ್ಲಿ ತೋರಿಸಿ ಅಂದರೆ ಫೋನೂ ಒಳಗೇ! ಆಗ ಜೊತೆಯವರ ಫೋನಿನಲ್ಲಿ ಲಾಗಿನ್ ಆಗಬೇಕು, ಅದರ ಓಟಿಪಿ ಮತ್ತೆ ಒಳಗಿರುವ ಫೋನಿಗೆ. ಕೊನೆಗೆ ಹೋಮ್‌ಸ್ಟೇ ರಿಜಿಸ್ಟರ್‌ನಲ್ಲಿ ಬರೆದ ಗಾಡಿ ನಂಬರ್, ಅವರ ಮನೆಯವರು ಕಳಿಸಿದ ಆರ್‌ಸಿ ಫೋಟೋ ನೋಡಿ ಮುಂದುವರಿಯುತ್ತೇನೆ. ಕೆಲವರು ಬೈಯುತ್ತಾರೆ, ಬೈಯಲಿ.

ಒಳಗೆ ಮಗು ಸಿಕ್ಕಿಕೊಂಡಿದ್ದರೆ ಮಾತ್ರ ಈ ಯಾವುದೂ ಇಲ್ಲ. ನನಗೆ ಕಾಯಬೇಡಿ. ಮಗುವಿನಿಂದ ದೂರ ಇರುವ ಪಕ್ಕದ ಗ್ಲಾಸಿನ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆಯಿರಿ, ಜೊತೆಯವರು 112ಕ್ಕೆ ಫೋನ್ ಮಾಡಲಿ. ಗ್ಲಾಸ್ ಮತ್ತೆ ಹಾಕಿಸಬಹುದು.

ಕಳ್ಳತನದ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ಕೀಯ ಸಿಗ್ನಲ್ಲನ್ನು ದೂರದಿಂದ ಎಳೆದು ಕಾರಿಗೆ ಮುಟ್ಟಿಸಿ ಬಾಗಿಲು ತೆಗೆಯಬಹುದು ಅಂತ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ ಹತ್ತು ಮಾಡೆಲ್ ಕಾರುಗಳ ಮೇಲೆ ಮಾಡಿ ತೋರಿಸಿದ್ದಾರೆ. ಈಚಿನ ಕೆಲವು ಗಾಡಿಗಳಲ್ಲಿ ಸಿಗ್ನಲ್ ಹೋಗಿ ಬರುವ ಸಮಯ ಅಳೆದು ಕೀ ನಿಜವಾಗಿ ಎಷ್ಟು ದೂರ ಇದೆ ಅಂತ ನೋಡುವ ವ್ಯವಸ್ಥೆ ಬಂದಿದೆ. ಹಳೆಯವಕ್ಕೆ ಕೀಯನ್ನು ಮುಂಬಾಗಿಲ ಮೊಳೆಗೆ ನೇತುಹಾಕದೆ ಒಳಗೆ ಸ್ಟೀಲ್ ಡಬ್ಬಿಯಲ್ಲಿ ಇಡಿ. ಕಾರಿನ ಹತ್ತಿರವೇ ಇದ್ದರೆ ಕೆಲವು ಕೀಗಳಲ್ಲಿ ಸೆಲ್ಲೂ ಬೇಗ ಹೋಗುತ್ತದೆ.

ಕೊನೆಗೆ ಎರಡನೇ ಕೀ ವಿಷಯ. ಕಳೆದುಹೋದ ಸ್ಮಾರ್ಟ್ ಕೀಗೆ ಬದಲು ಹೊಸದು ಮಾಡಿಸಲು ಸಾವಿರಗಟ್ಟಲೆ ಬೇಕು, ದೊಡ್ಡ ಗಾಡಿಗಳಿಗೆ ಇನ್ನೂ ಮೇಲೆ. ಇನ್ಶೂರೆನ್ಸ್‌ನಲ್ಲಿ ಕೀಗೆ ಅಂತಲೇ ಬೇರೆ ಕವರ್ ಇರುತ್ತದೆ, ರಿನ್ಯೂ ಮಾಡಿಸುವಾಗ ಕೇಳಿ. ಕೋಡ್ ಹಾಕಿಸಲು ಬರುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ತನ್ನಿ. ಬಹಳ ಗಾಡಿಗಳಲ್ಲಿ ಹೊಸ ಕೀ ಸೇರಿಸುವಾಗ ಹಳೇ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ, ಎದುರಿಗೆ ಇದ್ದ ಕೀಗಳು ಮಾತ್ರ ಮತ್ತೆ ಸೇರುತ್ತವೆ. ಮನೆಯಲ್ಲಿ ಬಿಟ್ಟುಬಂದ ಕೀಯಿಂದ ಆಮೇಲೆ ಬಾಗಿಲು ತಿರುಗಿಸಿ ತೆಗೆಯಬಹುದು, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ.