ಚಾರಣದ ಚೀಲದಲ್ಲಿ ಬೆಂಕಿ

ಹಿಮಾಲಯಕ್ಕೆ ಹೊರಟಿರೋ ನಮ್ಮ ಜಯನಗರದ ಗೆಳೆಯರ ಚೀಲದಲ್ಲಿ ಬೆಂಕಿಗೆ ಅಂತ ಇರೋದು ಒಂದೇ ಒಂದು ಗ್ಯಾಸ್ ಲೈಟರ್. ನನಗೆ ನಿಜಕ್ಕೂ ಆತಂಕ ಆಯ್ತು. ಅದರೊಳಗಿನ ಬ್ಯೂಟೇನ್ ಕುದಿಯೋದು ಸುಮಾರು ಮೈನಸ್ 0.5 ಡಿಗ್ರಿಯಲ್ಲಿ, ಚಳಿ ಅದಕ್ಕಿಂತ ಇಳಿದರೆ ಅನಿಲ ಸರಿಯಾಗಿ ಏಳಲ್ಲ, ಜ್ವಾಲೆ ಹತ್ತಲ್ಲ. ಅಂಗಿಯ ಒಳಜೇಬಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಮಾಮೂಲಿ ಕಡ್ಡಿಪೊಟ್ಟಣ ನೆನೆದರೆ ಮುಗೀತು.

ಹಾಗಾಗಿ ಜೊತೆಗೊಂದು ಫೆರೋ ರಾಡ್, ಅಂದ್ರೆ ಕೆರೆದರೆ ಕಿಡಿ ಉದುರಿಸೋ ಲೋಹದ ಸಲಾಕೆ, ಇರಲಿ ಅಂತ ನನ್ನ ಒತ್ತಾಯ. 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಪೇಟೆಂಟ್ ಪಡೆದ ಮಿಶ್ರಲೋಹ ಅದು, ಸೀರಿಯಂ ಮತ್ತು ಕಬ್ಬಿಣದ್ದು. ಒದ್ದೆಯಾಗಿದ್ರೆ ಒರೆಸಿ ಕೆರೆದರಾಯ್ತು, ಸುಮಾರು 3000 ಡಿಗ್ರಿಯ ಕಿಡಿ ಸುರಿಯುತ್ತೆ. ಹೊಸದರ ಮೇಲಿನ ಕಪ್ಪು ಲೇಪ ಮೊದಲು ತೆಗೀಬೇಕು. ಕಿಡಿ ಹಿಡಿಯೋಕೂ ಏನಾದರೂ ಬೇಕಲ್ಲ, ವ್ಯಾಸಲೀನ್ ಸವರಿದ ಹತ್ತಿ ಉಂಡೆ ಡಬ್ಬಿಯಲ್ಲಿ ತುಂಬ್ಕೊಳ್ಳಿ. ಎಳೆ ಬಿಡಿಸಿ ಹಚ್ಚಿದರೆ ನಿಮಿಷಗಟ್ಟಲೆ ಉರಿಯುತ್ತೆ.

ಹಳ್ಳಿಯ ಮನೆಗಳಲ್ಲಿ ಕೆಂಡವನ್ನ ರಾತ್ರಿಯಿಡೀ ಬೂದಿಯಲ್ಲಿ ಮುಚ್ಚಿ ಕಾಪಾಡ್ತಿದ್ರು. ಗುಂಡಿ ತಿರುಗಿಸಿ ಒಲೆ ಹಚ್ಚೋ ಬೆಂಗಳೂರಿನವರಿಗೆ ಆ ಎಚ್ಚರ ಕೈತಪ್ಪಿದೆ ಅನ್ಸುತ್ತೆ.

ಅಭ್ಯಾಸ ತಾರಸಿಯಲ್ಲೇ ಮಾಡಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು. ಬೇಸಿಗೆಯ ಒಣಹುಲ್ಲಿನ ನಮ್ಮ ಪಶ್ಚಿಮಘಟ್ಟದಲ್ಲಿ ಖಂಡಿತ ಬೇಡ. ಲೈಟರ್, ಕಡ್ಡಿ ಎರಡನ್ನೂ ವಿಮಾನ ಇಳಿದ ಮೇಲೆ ಅಲ್ಲೇ ಕೊಂಡ್ಕೊಳ್ಳಿ, ಚೆಕ್-ಇನ್ ಬ್ಯಾಗಲ್ಲಿ ಬಿಡಲ್ಲ.